ಕೇಳಿ ಇಲ್ಲವೆನ್ನಿಸಿಕೊಂಡ ರಜೆ

ನನ್ನ ಗಂಡ ತಮ್ಮಯ್ಯ ಕಾರ್ಖಾನೆಯ ಎರಡನೇ ಭಟ್ಟಿಯ ಬಾಗಿಲಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಾಗ ಅವರ ಹೆಸರಿನಲ್ಲಿ ಇನ್ನೂರ ಹನ್ನೊಂದು ದಿನದ ಗಳಿಕೆ ರಜೆ ಉಳಿದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕು ಜನ ಅವರನ್ನು ಹೊತ್ತು ತಂದು ನಡುಮನೆಯ ಚಾಪೆಯ ಮೇಲೆ ಮಲಗಿಸಿದರು. ಅವರ ಹಿಂದೆಯೇ ಟೈಂ ಆಫೀಸಿನ ಚೀಟಿ ಬಂತು. ಹೆಸರು, ವಿಭಾಗ, ಉಳಿದ ದಿನ, ಅಷ್ಟೇ ಅದರಲ್ಲಿ ಬರೆದಿರುತ್ತದೆ. ನಾನು ಓದಿ ಗೂಡಿನಲ್ಲಿಟ್ಟು ಒಲೆ ಹಚ್ಚಲು ಎದ್ದೆ. ಐದು ಗಂಟೆಗೆ ಕಾರ್ಖಾನೆ ಕೂಗಿತು. ಅವರು ಎದ್ದು ಕುಳಿತು ಕಣ್ಣುಜ್ಜಿಕೊಂಡು, "ಕಾಫಿ ಆಯ್ತಾ?" ಅಂದರು.

ನಮ್ಮೂರಿನಲ್ಲಿ ಹಾಗೆಯೇ. ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದವರು ತಮ್ಮ ರಜೆ ಮುಗಿಸಿಕೊಂಡೇ ಹೋಗುವುದು. ಅಂಥವರನ್ನು ನಾವು ರಜೆಯವರು ಅನ್ನುತ್ತೇವೆ. ಅವರ ಮೈ ತಣ್ಣಗಿರುತ್ತದೆ, ಊಟ ಕಡಿಮೆ, ಮಿಕ್ಕಂತೆ ಎಲ್ಲರ ಹಾಗೆಯೇ ಇರುತ್ತಾರೆ. ರಜೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ಅಳುವುದಿಲ್ಲ. ಚಟ್ಟದ ಬಿದಿರನ್ನು ಕೊನೆಯ ದಿನದ ಲೆಕ್ಕ ಹಿಡಿದು ಹೇಳಿಡುತ್ತೇವೆ. ಮಗಳ ಮದುವೆ ನೋಡಲಾರೆನೆಂದು ಹಾಸಿಗೆ ಹಿಡಿದವರು ಕೊರಗುವುದಿಲ್ಲ, ಉಳಿದ ದಿನ ಎಣಿಸಿ ಮುಹೂರ್ತ ಇಡಿ ಅನ್ನುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದು ಕಾಲು ತೊಳೆದು ಕುಳಿತ ಮೇಲೆ ಕೇಳುವ ಮೊದಲ ಮಾತೇ, "ಹುಡುಗನ ಹೆಸರಲ್ಲಿ ಎಷ್ಟು ದಿನ ಇದೆ?" ಎಂದು. ಅಂಗಡಿಯವರಿಗೆ, ದರ್ಜಿಗಳಿಗೆ, ಶಾಲೆ ಮೇಷ್ಟರಿಗೆ ಈ ಭಾಗ್ಯವಿಲ್ಲ. ಅವರು ಸತ್ತರೆ ಸತ್ತರು.

ಆದ್ದರಿಂದ ಬದುಕಿದ್ದಾಗ ರಜೆ ಹಾಕುವವರೇ ಇರಲಿಲ್ಲ. ಇಪ್ಪತ್ತು ದಿನ ದುಡಿದರೆ ಒಂದು ದಿನ ಸಿಗುತ್ತದೆ. ಅದನ್ನು ಹಲ್ಲುನೋವಿಗೋ ನಾದಿನಿಯ ಸೀಮಂತಕ್ಕೋ ಕಳೆದುಕೊಳ್ಳುವವರು ಯಾರು? ಕೆಮ್ಮಿಕೊಂಡು ಬರುತ್ತಿದ್ದರು, ಕುಂಟಿಕೊಂಡು ಬರುತ್ತಿದ್ದರು. ಹೆರಿಗೆ ರಜೆಯಲ್ಲಿ ನಾಲ್ಕು ವಾರ ಉಳಿಸಿ ಕೊನೆಗೆ ಸೇರಿಸಿಕೊಳ್ಳಬಹುದೇ ಎಂದು ಹಸುಗೂಸನ್ನು ಎತ್ತಿಕೊಂಡು ಬಂದು ಕೇಳಿದವಳನ್ನು ನಾನೇ ನೋಡಿದ್ದೇನೆ. ಕಾರ್ಖಾನೆಗೂ ಇದು ಒಪ್ಪಿತವಾಗಿತ್ತು. ಭಟ್ಟಿ ಒಂದು ದಿನವೂ ಆರಿದ್ದಿಲ್ಲ.

ನಾನು ಅದೇ ಕಾರ್ಖಾನೆಯಲ್ಲಿ ಕಪ್ಪುಗಳಿಗೆ ಹಿಡಿ ಅಂಟಿಸುವವಳು. ನನ್ನ ಹೆಸರು ದೇವೀರಮ್ಮ. ಹಸಿ ಕಪ್ಪನ್ನು ಎಡಗೈಯಲ್ಲಿ ಹಿಡಿದು, ನೀರುಮಣ್ಣು ಸವರಿ, ಬಲಗೈಯಿಂದ ಹಿಡಿ ಒತ್ತಬೇಕು. ಜೋರಾಗಿ ಒತ್ತಿದರೆ ಕಪ್ಪು ಸೊಟ್ಟಗಾಗುತ್ತದೆ, ಮೆಲ್ಲಗೆ ಒತ್ತಿದರೆ ಭಟ್ಟಿಯಲ್ಲಿ ಹಿಡಿ ಉದುರುತ್ತದೆ. ಹದಿನಾಲ್ಕು ವರ್ಷ ಈ ಕೆಲಸ ಮಾಡಿಯೂ ನನ್ನ ಹೆಸರಿನಲ್ಲಿ ಇದ್ದದ್ದು ಹದಿನೇಳು ದಿನ. ನಾನು ರಜೆ ಖರ್ಚು ಮಾಡಿದವಳು. ಹಿಡಿ ವಿಭಾಗದಲ್ಲಿ ಒಬ್ಬಳು ಬರದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್ನಿಗೆ ಹಾಕಿದೆ, ತಂಗಿಯ ಬಾಣಂತನಕ್ಕೆ ಹಾಕಿದೆ, ಒಮ್ಮೆ ಸುಮ್ಮನೆ ಬೇಜಾರಾಯಿತೆಂದು ಎರಡು ದಿನ ಹಾಕಿದೆ. ಪಕ್ಕದ ಬೆಂಚಿನ ಕೆಂಚಮ್ಮ ಹಾಸ್ಯ ಮಾಡುತ್ತಿದ್ದಳು: "ನಮ್ಮ ದೇವೀರಕ್ಕ ಸತ್ತ ಮೇಲೆ ಒಂದು ತಿಂಗಳ ರೇಷನ್ನೂ ಖಾಲಿ ಮಾಡಲ್ಲ."

ಹೆಚ್ಚು ದಿನ ಹೋದದ್ದು ಮಗಳು ಸುಗುಣಳಿಗಾಗಿ. ಅವಳಿಗೆ ಆರು ವರ್ಷವಿದ್ದಾಗ ಟೈಫಾಯ್ಡ್ ಬಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದಳು. ನಾನು ಒಂಬತ್ತೂ ದಿನ ರಜೆ ಹಾಕಿ ಕೂತೆ. ಇವರು ಪಾಳಿ ಮುಗಿಸಿಕೊಂಡು ಬಂದು, ಭಟ್ಟಿಯ ಬೂದಿ ಮೆತ್ತಿದ ಕಾಲಲ್ಲಿ ಮಂಚದ ತುದಿಗೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಐದನೇ ದಿನ ಮಗು ಕಣ್ಣೇ ಬಿಡಲಿಲ್ಲ. "ನಾಳೆ ಒಂದಿನ ರಜಾ ಹಾಕ್ಬಾರ್ದಾ?" ಎಂದು ಕೇಳಿದೆ. ಅವರು ಗೋಡೆ ನೋಡಿಕೊಂಡು ನಿಂತರು. ಸತ್ತ ಮೇಲಿನ ದಿನ ಇವರಿಗೆ ಮಗಳಿಗಿಂತ ಹೆಚ್ಚಾಯಿತಲ್ಲ ಎಂದು ಅವತ್ತು ನನ್ನ ಮನಸ್ಸಿಗೆ ಮುಳ್ಳು ಹೊಕ್ಕಿತು. ಮಗಳು ಬದುಕಿ ಎದ್ದಳು, ದೊಡ್ಡವಳಾದಳು, ಕಾಲೇಜು ಸೇರಿದಳು. ಮುಳ್ಳು ಮಾತ್ರ ಹನ್ನೊಂದು ವರ್ಷ ಅಲ್ಲೇ ಇತ್ತು.

ರಜೆಯವರಾದ ಮೊದಲ ವಾರ ತಮ್ಮಯ್ಯನವರಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬೆಳಗಿನ ಆರರ ಕೂಗಿಗೆ ಎದ್ದು ಖಾಕಿ ಅಂಗಿ ತೊಟ್ಟು ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದರು. ವಾಚ್‌ಮನ್ ದಿನವೂ ತಡೆದು, "ತಮ್ಮಣ್ಣ, ನೀವು ರಜದ ಮೇಲಿದೀರಿ" ಎಂದು ಹಿಂದಕ್ಕೆ ಕಳಿಸುತ್ತಿದ್ದ. ಎರಡನೇ ವಾರ ಗೇಟಿಗೆ ಹೋಗುವುದು ನಿಂತಿತು. ಹಿತ್ತಲಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂರುತ್ತಿದ್ದರು. ಒಂದು ಸಂಜೆ ನಾನು ಕೆಲಸದಿಂದ ಬಂದಾಗ, ಏನೋ ಹೊಸದನ್ನು ಕಂಡುಹಿಡಿದವರ ಹಾಗೆ, "ಮಧ್ಯಾಹ್ನ ಇಷ್ಟು ಉದ್ದ ಇರ್ತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೇ" ಅಂದರು. ಆಮೇಲೆ ಆ ಉದ್ದವನ್ನು ತುಂಬಲು ಕಲಿತರು. ಹುಳಿ ಮಾಡುವುದನ್ನು ಮೂರು ಸಲ ಕೆಡಿಸಿ ನಾಲ್ಕನೇ ಸಲ ಸರಿ ಮಾಡಿದರು. ಸುಗುಣಳ ಜೊತೆ ಚೌಕಾಬಾರ ಆಡಿ ಸೋತರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆಡದಿದ್ದ ಮಾತನ್ನು ನಾವಿಬ್ಬರೂ ಐವತ್ತು ದಿನದಲ್ಲಿ ಆಡಿದೆವು. ಆಸ್ಪತ್ರೆಯ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ಅವರ ರಜೆಯ ಐವತ್ತೆರಡನೇ ದಿನ ಕಾರ್ಖಾನೆಯ ಬೋರ್ಡಿನ ಮೇಲೆ ನೋಟಿಸು ಬಿತ್ತು. ಹೊಸದಾಗಿ ಬಂದಿದ್ದ ಮ್ಯಾನೇಜರ್ ಸತ್ಯಮೂರ್ತಿಯವರ ಸಹಿ ಇತ್ತು. ಇನ್ನು ಮುಂದೆ ಯಾರ ಹೆಸರಿನಲ್ಲೂ ಮೂವತ್ತು ದಿನಕ್ಕಿಂತ ಹೆಚ್ಚು ರಜೆ ಇರತಕ್ಕದ್ದಲ್ಲ. ಹೆಚ್ಚಿಗೆ ಇರುವ ದಿನಗಳು ಬರುವ ಒಂದನೇ ತಾರೀಕಿಗೆ ರದ್ದಾಗುತ್ತವೆ. ಈಗಾಗಲೇ ರಜೆಯ ಮೇಲಿರುವ ಮೃತರಿಗೂ ಇದು ಅನ್ವಯಿಸುತ್ತದೆ, ಅವರು ಕಳೆದ ದಿನಗಳೂ ಆ ಮೂವತ್ತರಲ್ಲೇ ಸೇರುತ್ತವೆ. ಒಂದನೇ ತಾರೀಕಿಗೆ ಹನ್ನೆರಡು ದಿನ ಇತ್ತು. ಅಂದರೆ ಒಂದನೇ ತಾರೀಕು ಕಾರ್ಖಾನೆ ಕೂಗುವ ಹೊತ್ತಿಗೆ ನನ್ನ ಗಂಡ ಹೊರಡಬೇಕಿತ್ತು.

ಅಚ್ಚು ಹುಯ್ಯುವ ಚೌಡಯ್ಯನವರಿಗೆ ಓದು ಬಾರದು. ಅವರ ಹೆಸರಿನಲ್ಲಿ ಮುನ್ನೂರ ಆರು ದಿನ ಇತ್ತು, ಇಡೀ ಕಾರ್ಖಾನೆಗೆ ಹೆಚ್ಚು. ಕೆಂಚಮ್ಮ ನೋಟಿಸನ್ನು ಓದಿ ಹೇಳಿದಾಗ ಅವರ ಕೈಯಲ್ಲಿ ಹಸಿ ಕಪ್ಪೊಂದಿತ್ತು. "ಇನ್ನೊಂದ್ಸಲ ಓದವ್ವ" ಅಂದರು. ಅವಳು ಓದಿದಳು. ಕೈಯಲ್ಲಿದ್ದ ಕಪ್ಪು ಮುದ್ದೆಯಾಗಿ ಬೆರಳ ಸಂದಿಯಿಂದ ಇಳಿಯಿತು. ಅವರಿಗೆ ಅದು ತಿಳಿಯಲೂ ಇಲ್ಲ. ಸಂಘದ ಮುಖಂಡರು ಮನವಿ ಬರೆದು ಕೊಡುತ್ತೇವೆ ಎಂದರು. ಮನವಿಗೆ ಉತ್ತರ ಬರಲು ಎಷ್ಟು ದಿನ ಆಗುತ್ತದೆ ಎಂದು ಕೇಳಿದರೆ ಆರು ತಿಂಗಳು ಅಂದರು.

ನಾನು ಊಟದ ಬಿಡುವಿನಲ್ಲಿ ಟೈಂ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತ ಖಲಂದರ್ ಸಾಹೇಬರು ಮೂವತ್ತು ವರ್ಷದಿಂದ ನಮ್ಮೆಲ್ಲರ ಹಾಜರಿ ಬರೆದವರು. ಮೆಲುಮಾತಿನ ಮನುಷ್ಯ, ತಮ್ಮ ನೆರಳಿಗೂ ಹೆದರುವವರು. "ಏನಾದ್ರೂ ದಾರಿ ಇದೆಯಾ ಸಾಹೇಬ್ರೇ?" ಎಂದು ಕೇಳಿದೆ.

"ನನ್ನನ್ನ ಕೇಳಿದ್ರೆ ಏನಮ್ಮ ಹೇಳ್ಲಿ" ಅಂದರು. ಬಾಗಿಲಾಚೆ ನೋಡಿ ದನಿ ತಗ್ಗಿಸಿದರು. "ನಿಯಮದ ಪುಸ್ತಕ ಅಲ್ಲಿ ಗೋಡೆಗೆ ದಾರ ಕಟ್ಟಿ ನೇತು ಹಾಕಿದೆ. ಯಾರು ಬೇಕಾದ್ರೂ ಓದ್ಬಹುದು ಅಂತ ನಿಯಮದಲ್ಲೇ ಇದೆ. ನಾನು ಬಂದಾಗಿಂದ ಒಬ್ಬರೂ ಓದಿಲ್ಲ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಮೂರು ದಿನ ಊಟ ಬಿಟ್ಟು ಆ ಪುಸ್ತಕವನ್ನು ನಿಂತುಕೊಂಡು ಓದಿದೆ. ದಾರ ಗಿಡ್ಡವಾಗಿದ್ದರಿಂದ ಕೂತು ಓದಲು ಆಗುತ್ತಿರಲಿಲ್ಲ. ನಾನು ಏಳನೇ ಕ್ಲಾಸು. ತತ್ಸಂಬಂಧ, ತದನಂತರ, ಮೇಲ್ಕಂಡ, ಕೆಳಕಂಡ ಎಂದೆಲ್ಲ ಬರೆದಿದ್ದರು. ಒಂದೊಂದು ಸಾಲಿಗೆ ಬೆರಳಿಟ್ಟು ಎರಡೆರಡು ಸಲ ಓದಿದೆ. ಮೂರನೇ ದಿನ ಹದಿನಾಲ್ಕನೇ ನಿಯಮ ಸಿಕ್ಕಿತು. ಕೆಲಸಗಾರನು ಬರಹದಲ್ಲಿ ಕೇಳಿದ ರಜೆಯನ್ನು ಆಡಳಿತವು ನಿರಾಕರಿಸಿದಲ್ಲಿ, ಹಾಗೆ ನಿರಾಕರಿಸಿದ ದಿನಗಳು ಯಾವ ಮಿತಿಗೂ ಒಳಪಡತಕ್ಕದ್ದಲ್ಲ, ಎಂದಿಗೂ ರದ್ದಾಗತಕ್ಕದ್ದಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಮೂರು ದಿನದೊಳಗೆ ಉತ್ತರ ಕೊಡದಿದ್ದಲ್ಲಿ ರಜೆ ಮಂಜೂರಾಗಿದೆಯೆಂದು ತಿಳಿಯತಕ್ಕದ್ದು.

ಕೇಳದೆ ಇಟ್ಟುಕೊಂಡ ರಜೆ ಹೋಗುತ್ತದೆ. ಕೇಳಿ ಇಲ್ಲವೆನ್ನಿಸಿಕೊಂಡ ರಜೆ ಉಳಿಯುತ್ತದೆ. ಆದರೆ ಸತ್ತವರ ಸಹಿ ನಡೆಯುವುದಿಲ್ಲ, ಅದು ಒಂಬತ್ತನೇ ನಿಯಮ. ನನ್ನ ಗಂಡ ಈಗ ಕೇಳಲಾರರು. ಬದುಕಿದ್ದಾಗ ಅವರು ಕೇಳಿದವರೇ ಅಲ್ಲ.

ಖಲಂದರ್ ಸಾಹೇಬರನ್ನು ಸುಮ್ಮನೆ ಕೇಳಿದೆ: "ನಮ್ಮ ಯಜಮಾನ್ರು ಯಾವತ್ತಾದ್ರೂ ರಜಾ ಕೇಳಿದ್ರಾ?"

ಅವರು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಹಳದಿ ತಿರುಗಿದ ಚೀಟಿಗಳ ಒಂದು ಕಟ್ಟಿತ್ತು. "ನಿರಾಕರಿಸಿದ್ದನ್ನ ಹರಿದು ಬಿಸಾಕು ಅನ್ನೋರು ಹಳೇ ಮ್ಯಾನೇಜರು. ನನಗೆ ಕಾಗದ ಹರಿಯೋಕೆ ಮನಸ್ಸು ಬರಲ್ಲ" ಅಂದರು.

ಹದಿನಾಲ್ಕು ಚೀಟಿ. ಎಲ್ಲದರಲ್ಲೂ ನನ್ನ ಗಂಡನ ದುಂಡು ಅಕ್ಷರ. ಅಮ್ಮನ ತಿಥಿ. ಮಗಳ ಶಾಲೆಯಲ್ಲಿ ನಾಟಕ, ಅವಳಿಗೆ ನವಿಲಿನ ಪಾತ್ರ. ಹೆಂಡತಿಗೆ ಎರಡು ಹೊಳೆ ಕೂಡುವ ಜಾಗ ತೋರಿಸಬೇಕು, ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಆರನೇ ಚೀಟಿಯಲ್ಲಿ ಒಂಬತ್ತು ದಿನ ಕೇಳಿದ್ದರು: ಮಗಳು ಆಸ್ಪತ್ರೆಯಲ್ಲಿದ್ದಾಳೆ, ಹೆಂಡತಿ ಒಬ್ಬಳೇ ಇದ್ದಾಳೆ. ಎಲ್ಲದರ ಮೇಲೂ ಕೆಂಪು ಪೆನ್ಸಿಲ್ಲಿನಲ್ಲಿ ಒಂದೇ ಮಾತು: ಇಲ್ಲ. ಆಸ್ಪತ್ರೆಯ ಚೀಟಿಯ ಮೇಲೆ ಮಾತ್ರ, ಇಲ್ಲ, ಭಟ್ಟಿ ನಡೆಯುತ್ತಿದೆ, ಎಂದು ಎರಡು ಮಾತು ಹೆಚ್ಚಾಗಿತ್ತು.

ಎಲ್ಲ ಸೇರಿ ಐವತ್ತು ದಿನ ಆಗುತ್ತಿತ್ತು. ಮಿತಿಯ ಮೂವತ್ತು, ಈ ಐವತ್ತು. ಒಟ್ಟು ಎಂಬತ್ತರಲ್ಲಿ ಅರವತ್ತನಾಲ್ಕು ಕಳೆದು, ಒಂದನೇ ತಾರೀಕಾದ ಮೇಲೂ ಅವರಿಗೆ ಹದಿನಾರು ದಿನ ಉಳಿಯುತ್ತಿತ್ತು. ಖಲಂದರ್ ಸಾಹೇಬರು ಅದನ್ನು ಅಲ್ಲೇ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಹೆದರುವ ಮನುಷ್ಯನ ಸಹಿ ಅಷ್ಟು ಗಟ್ಟಿಯಾಗಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮನೆಗೆ ಬಂದಾಗ ಅವರು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು. ಆರನೇ ಚೀಟಿಯನ್ನು ಅವರ ಮುಂದೆ ಹಿಡಿದೆ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡು ನೋಡಿದರು.

"ಹನ್ನೊಂದು ವರ್ಷ ನಿಮ್ಮನ್ನ ಮನಸಲ್ಲೇ ಬೈದಿದ್ದೀನಿ. ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಮಗೀಗೆ ಹುಷಾರಿಲ್ಲ ಅಂತ ಕೇಳ್ದೆ, ಆಗಲ್ಲ ಹೋಗು ಅಂದ್ರು, ತಲೆ ತಗ್ಗಿಸ್ಕೊಂಡು ಭಟ್ಟಿಗೆ ಹೋದೆ ಅಂತಲಾ?" ಚೀಟಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. "ನನ್ನ ಗಂಡ ಕೇಳ್ಲೇ ಇಲ್ಲ ಅಂತ ನೀನು ಬೈಕೊಳ್ಳೋದೇ ವಾಸಿ ಅನ್ನಿಸ್ತು. ಅದ್ರಲ್ಲಿ ನಾನು ಕೆಟ್ಟೋನಾಗ್ತಿದ್ದೆ, ಅಷ್ಟೆ. ಇದ್ರಲ್ಲಿ ಏನೂ ಅಲ್ದೋನಾಗ್ತಿದ್ದೆ."

ಅವರು ಮತ್ತೆ ಬಟ್ಟೆ ಹಿಂಡಲು ಕುಳಿತರು. ನಾನೂ ಇನ್ನೊಂದು ತುದಿ ಹಿಡಿದುಕೊಂಡೆ. ಎರಡು ಸೀರೆ, ಒಂದು ದುಪಟಿ ಹಿಂಡಿದೆವು. ನನಗೆ ಅಳು ಬರಲಿಲ್ಲ. ಸಿಟ್ಟು ಬರುತ್ತಿತ್ತು, ಅದು ಈಗ ಅವರ ಮೇಲಲ್ಲ. ದುಡಿದು ಗಳಿಸಿದ್ದನ್ನು ಕೇಳಲು ನಾಚಿಕೆಯಾಗುವ ಹಾಗೆ ನಮ್ಮನ್ನು ಮಾಡಿಟ್ಟಿದ್ದರಲ್ಲ, ಆ ಕೆಂಪು ಪೆನ್ಸಿಲ್ಲಿನ ಮೇಲೆ.

ಮಾರನೇ ದಿನ ಹಿಡಿ ವಿಭಾಗದ ಹೆಂಗಸರಿಗೆ ಹದಿನಾಲ್ಕನೇ ನಿಯಮ ಓದಿ ಹೇಳಿದೆ. ಕೆಂಚಮ್ಮ ನಂಬಲಿಲ್ಲ. ಕೈ ತೊಳೆದುಕೊಂಡು ಹೋಗಿ ತಾನೇ ಓದಿ ಬಂದಳು. "ಹಂಗಾದ್ರೆ ಎಲ್ರೂ ಇರೋ ಬರೋ ದಿನವೆಲ್ಲ ಒಟ್ಟಿಗೆ ಕೇಳೋಣ" ಅಂದಳು. "ಕೊಟ್ರೆ ಭಟ್ಟಿ ಆರ್ತದೆ. ಕೊಡ್ದಿದ್ರೆ ದಿನ ಉಳೀತದೆ." ಅವಳು ಹೇಳಿದ್ದು ನನಗಿಂತ ಚೆನ್ನಾಗಿತ್ತು. ಎರಡು ದಿನದಲ್ಲಿ ಮಾತು ಅಚ್ಚಿನ ವಿಭಾಗಕ್ಕೆ, ಭಟ್ಟಿಗೆ, ಬಣ್ಣದವರಿಗೆ, ಪ್ಯಾಕಿಂಗಿನವರಿಗೆ ಹೋಯಿತು. ಟೈಂ ಆಫೀಸಿನ ಅಚ್ಚಾದ ಚೀಟಿಗಳು ಮುಗಿದು, ರಟ್ಟಿನ ಪೆಟ್ಟಿಗೆ ಕತ್ತರಿಸಿ ಅದರ ಹಿಂದೆ ಬರೆದರು. ಅಕ್ಷರ ಬಾರದವರಿಗೆ ಬರೆದುಕೊಟ್ಟವಳು ನಾನು. ಕಾರಣ ಏನೆಂದು ಬರೆಯಲಿ ಎಂದು ಒಬ್ಬೊಬ್ಬರನ್ನೂ ಕೇಳಬೇಕಿತ್ತು. ಮೊದಮೊದಲು ಏನಾದರೂ ಬರಿ ಅನ್ನುತ್ತಿದ್ದರು. ಆಮೇಲೆ ಯೋಚನೆ ಮಾಡಿ ಹೇಳತೊಡಗಿದರು. ಅಕ್ಕನ್ನ ನೋಡಿ ನಾಲ್ಕು ವರ್ಷ ಆಯ್ತು. ಬೆನ್ನು ನೋವು. ಮಗ ಮಾತಾಡಿಸ್ತಿಲ್ಲ, ಅವನ ಜೊತೆ ಸ್ವಲ್ಪ ದಿನ ಇರಬೇಕು. ಒಬ್ಬ ಗಟ್ಟಿಮುಟ್ಟಾದ ಆಳು, "ನಿದ್ದೆ" ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡ. ಚೌಡಯ್ಯನವರು ಹೆಬ್ಬೆಟ್ಟನ್ನು ಶಾಯಿಗೆ ಅದ್ದದೆ ನೀರುಮಣ್ಣಿಗೆ ಅದ್ದಿ ರಟ್ಟಿಗೆ ಒತ್ತಿದರು.

ಒಂದನೇ ತಾರೀಕಿಗೆ ಐದು ದಿನ ಇರುವಾಗ ನಾನೂರ ಹನ್ನೆರಡು ಚೀಟಿಗಳು ಮ್ಯಾನೇಜರ ಮೇಜಿಗೆ ಹೋದವು. ಮರುದಿನ ಬೆಳಿಗ್ಗೆ ನನಗೆ ಕರೆ ಬಂತು.

ಸತ್ಯಮೂರ್ತಿಯವರು ಕೂಗಾಡುವವರಲ್ಲ. ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ. ನಿಯಮದ ಪುಸ್ತಕ ಅವರ ಮುಂದಿತ್ತು. ದಾರ ಕತ್ತರಿಸಿ ತಂದಿದ್ದರು.

"ಎಲ್ಲರೂ ಒಂದೇ ದಿನದಿಂದ ರಜೆ ಕೇಳಿದ್ರೆ ಕಾರ್ಖಾನೆ ಹೇಗಮ್ಮ ನಡೆಯುತ್ತೆ?"

"ಹಾಗಾದ್ರೆ ಕೊಡಲ್ಲ ಅಂತ ಬರೀರಿ ಸಾರ್."

ಅವರು ನಕ್ಕರು. ಬುದ್ಧಿವಂತನ ನಗು. "ಬರೆದ್ರೆ ಏನಾಗುತ್ತೆ ಅಂತ ನಾನೂ ಓದಿದೀನಿ. ನೋಡಿ, ನಿಮ್ಮ ಯಜಮಾನರ ವಿಷಯ ನನಗೆ ಗೊತ್ತಾಯ್ತು. ಹದಿನೈದು ವರ್ಷ ಭಟ್ಟಿ ಮುಂದೆ ನಿಂತ ಮನುಷ್ಯ. ಅವರಿಗೆ ಇನ್ನೂರ ಹನ್ನೊಂದೂ ಇರ್ಲಿ. ನಾನೇ ವಿಶೇಷ ಆದೇಶ ಹಾಕ್ತೀನಿ. ನೀವು ಈ ಕಟ್ಟನ್ನ ವಾಪಸ್ ತಗೊಂಡು ಹೋಗಿ. ನೀವು ಹೇಳಿದ್ರೆ ಅವರು ಕೇಳ್ತಾರೆ."

ಒಂದನೇ ತಾರೀಕಾದ ಮೇಲೆ ನೂರ ನಲವತ್ತೇಳು ದಿನ. ನಾನು ಅದನ್ನು ಲೆಕ್ಕ ಹಾಕಲೇಬೇಕಿರಲಿಲ್ಲ, ನನ್ನ ಮೈಯೇ ಹಾಕಿತು. ಸುಗುಣಳ ಪರೀಕ್ಷೆ ಮುಗಿಯುವವರೆಗೂ ಇರುತ್ತಾರೆ, ರಿಸಲ್ಟು ಬರುವವರೆಗೂ ಇರುತ್ತಾರೆ. ಕಟ್ಟಿನ ಮೇಲೆ ಚೌಡಯ್ಯನವರ ರಟ್ಟಿತ್ತು, ಒಣಗಿದ ಬಿಳಿ ಹೆಬ್ಬೆಟ್ಟಿನ ಗುರುತು ಆಗಲೇ ಉದುರಲು ಶುರುವಾಗಿತ್ತು. ಆ ಮನುಷ್ಯ ಆ ಬೆರಳೊತ್ತಿದ್ದು ನಿಯಮ ನಂಬಿ ಅಲ್ಲ, ಓದಿ ಹೇಳಿದ ನನ್ನನ್ನು ನಂಬಿ.

"ಆಗಲ್ಲ ಸಾರ್" ಅಂದೆ.

"ಆತುರ ಬೇಡ. ಮನೆಯವರನ್ನ ಕೇಳಿ. ಸಂಜೆವರೆಗೂ ಟೈಮಿದೆ."

"ಸಂಜೆಗೂ ಆಗಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮ್ಯಾನೇಜರಿಗೆ ಹೇಳುವುದು ಸುಲಭವಾಗಿತ್ತು. ಮನೆಯಲ್ಲಿ ಹೇಳುವುದು ಬಾಕಿ ಇತ್ತು.

ಹೇಳಿದೆ. ತಮ್ಮಯ್ಯನವರ ಮುಖ ಕಪ್ಪಾಯಿತು. "ನನ್ನ ದಿನ ಅವು. ಬೆಂಕಿ ಮುಂದೆ ನಿಂತು ಗಳಿಸಿದ್ದು. ಕೊಟ್ಟು ಬರೋಕೆ ನೀನ್ಯಾರು?" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅವತ್ತು, ಮಾರನೇ ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಇದ್ದ ಕೆಲವೇ ದಿನದಲ್ಲಿ ಎರಡು ದಿನ ಹಾಗೆ ಹೋದವು. ಸುಗುಣ ಇಬ್ಬರ ನಡುವೆ ತಟ್ಟೆ ಇಟ್ಟು, ಇಬ್ಬರ ಮುಖ ನೋಡಿ, ಸುಮ್ಮನೆ ಉಂಡು ಏಳುತ್ತಿದ್ದಳು.

ಮೂರನೇ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರೂ ಅಂಗಿ ತೊಟ್ಟು ಜೊತೆಗೆ ಬಂದರು. ದಾರಿಯಲ್ಲಿ, "ಒಂದು ಮಾತು ನನ್ನನ್ನ ಕೇಳ್ಬೇಕಿತ್ತು ನೀನು" ಅಂದರು.

"ಕೇಳಿದ್ರೆ ಏನಂತಿದ್ರಿ?"

"ಕಟ್ಟು ವಾಪಸ್ ತಗೊಂಡು ಬಾ ಅಂತಿದ್ದೆ." ಸ್ವಲ್ಪ ದೂರ ನಡೆದ ಮೇಲೆ, "ಆಮೇಲೆ ಆ ನೂರಾ ನಲವತ್ತೇಳು ದಿನವೂ ಚೌಡಣ್ಣನ ಮನೆ ಮುಂದೆ ಹಾಯೋಕೆ ನಾಚ್ಕೆ ಆಗ್ತಿತ್ತು" ಅಂದರು.

ಗೇಟಿನ ಮುಂದೆ ಜನ ಸೇರಿದ್ದರು. ಅವತ್ತು ಉತ್ತರ ಕೊಡಲು ಕೊನೆಯ ದಿನ. ಊರಿನ ರಜೆಯವರು ಒಬ್ಬೊಬ್ಬರಾಗಿ ಬಂದು ನಿಂತಿದ್ದರು, ಹದಿನೆಂಟು ಜನ. ಬಣ್ಣದ ವಿಭಾಗದ ಅಜ್ಜಿಯೊಬ್ಬರು ಮೊಮ್ಮಗಳ ಭುಜ ಹಿಡಿದುಕೊಂಡಿದ್ದರು. ನಿಯಮದಿಂದ ಅವರಲ್ಲಿ ಹೆಚ್ಚಿನವರಿಗೆ ಏನೂ ಸಿಗುವಂತಿರಲಿಲ್ಲ. ಅವರು ಬದುಕಿದ್ದಾಗ ಕೇಳಿರಲಿಲ್ಲ. ಆದರೂ ಬಂದಿದ್ದರು. ಅಜ್ಜಿಯನ್ನು ಯಾಕೆ ಬಂದಿರಿ ಎಂದು ಯಾರೋ ಕೇಳಿದ್ದಕ್ಕೆ, "ಇರೋರು ಕೇಳೋದನ್ನ ನೋಡೋಣ ಅಂತ" ಅಂದರು. ಮ್ಯಾನೇಜರ ಕಾರು ಆ ಸಾಲಿನ ನಡುವೆ ನಿಧಾನವಾಗಿ ಒಳಗೆ ಹೋಯಿತು. ಯಾರೂ ಕೂಗಲಿಲ್ಲ, ಯಾರೂ ಪಕ್ಕಕ್ಕೆ ಸರಿಯಲೂ ಇಲ್ಲ. ಕಾರೇ ಅಂಕುಡೊಂಕಾಗಿ ದಾರಿ ಮಾಡಿಕೊಳ್ಳಬೇಕಾಯಿತು.

ಸತ್ಯಮೂರ್ತಿಯವರು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ನಾನೂರ ಹನ್ನೆರಡು ಚೀಟಿಗಳ ಮೇಲೂ ಇಲ್ಲ ಎಂದು ಬರೆದರು. ಖಲಂದರ್ ಸಾಹೇಬರು ಪಕ್ಕದಲ್ಲಿ ನಿಂತು ಒಂದೊಂದನ್ನೇ ತೆಗೆದು ಎಣಿಸಿ ಪುಸ್ತಕಕ್ಕೆ ಏರಿಸಿದರು. ಎರಡು ಸಲ ಪೆನ್ಸಿಲ್ಲು ಕೆತ್ತಿಕೊಡಬೇಕಾಯಿತಂತೆ. ಐದಕ್ಕೆ ಕಾರ್ಖಾನೆ ಕೂಗುವ ಹೊತ್ತಿಗೆ ನಾನೂರ ಹನ್ನೆರಡು ಜನರ ಒಂದು ದಿನವೂ ಇನ್ನು ಯಾರಿಂದಲೂ ರದ್ದಾಗದ ಹಾಗಾಗಿತ್ತು. ಆದರೆ ಒಂದನೇ ತಾರೀಕಿನ ಬೆಳಿಗ್ಗೆ ಹದಿನೆಂಟು ರಜೆಯವರಲ್ಲಿ ಮೂವತ್ತು ದಿನ ದಾಟಿ, ಕೇಳಿದ ಚೀಟಿಯೂ ಇರದ ಹನ್ನೊಂದು ಜನ ಹೊರಟುಹೋದರು. ಬಣ್ಣದ ಅಜ್ಜಿಯೂ ಹೋದರು. ಹನ್ನೊಂದು ಮನೆಗಳಲ್ಲಿ ಒಟ್ಟಿಗೆ ಅಳು ಎದ್ದಿದ್ದನ್ನು ನಮ್ಮೂರು ಯಾವತ್ತೂ ಕೇಳಿರಲಿಲ್ಲ. ಅದನ್ನು ಗೆಲುವು ಎಂದು ನಾನು ಯಾರಿಗೂ ಹೇಳಲಿಲ್ಲ.

ಮಾರನೇ ದಿನದಿಂದ ನಾನು ಕೆಲಸಕ್ಕೆ ಹೋಗಲಿಲ್ಲ. ನನ್ನ ಚೀಟಿಯ ಮೇಲೂ ಇಲ್ಲ ಎಂದೇ ಬರೆದಿತ್ತು. ಸೂಪರ್‌ವೈಸರ್ ಮನೆಗೆ ಬಂದು, "ದೇವೀರಮ್ಮ, ಗೈರುಹಾಜರಿ ಬೀಳುತ್ತೆ, ಕೆಲಸವೇ ಹೋಗ್ಬಹುದು" ಅಂದ.

"ಬೀಳ್ಲಿ" ಅಂದೆ. "ನಾನು ಕೇಳಿದ್ದು ಮರ್ಯಾದೆಗೆ. ಅಪ್ಪಣೆಗಲ್ಲ."

ಅವನು ಜಗಲಿಯ ಮೇಲೆ ಕೂತಿದ್ದ ತಮ್ಮಯ್ಯನವರ ಕಡೆ ನೋಡಿದ. ಅವರು, "ಕಾಫಿ ಕುಡ್ದು ಹೋಗಪ್ಪ" ಅಂದರು.

ಉಳಿದ ದಿನಗಳಲ್ಲಿ ಹೆಚ್ಚಿನದೇನೂ ಮಾಡಲಿಲ್ಲ. ಎರಡು ಹೊಳೆ ಕೂಡುವ ಜಾಗಕ್ಕೆ ಬಸ್ಸಿನಲ್ಲಿ ಹೋದೆವು. ಒಂದು ಹೊಳೆಯ ನೀರು ಕೆಂಪಗೆ, ಇನ್ನೊಂದರದು ಹಸಿರು. ಕೂಡಿದ ಮೇಲೂ ಅರ್ಧ ಮೈಲಿ ಬೇರೆಬೇರೆಯಾಗಿಯೇ ಹರಿಯುತ್ತವೆ. ಇವರು ಕಾಲು ಇಳಿಬಿಟ್ಟು ಕೂತು, "ಇಷ್ಟೇನಾ?" ಅಂದರು. ಆಮೇಲೆ ಏಳಲೇ ಇಲ್ಲ, ಕೊನೆಯ ಬಸ್ಸಿಗೆ ಓಡಬೇಕಾಯಿತು. ಸುಗುಣ ಒಂದು ದಿನ ಕಾಲೇಜಿಗೆ ಚಕ್ಕರ್ ಹೊಡೆದು, ಆರು ವರ್ಷದವಳಿದ್ದಾಗಿನ ನವಿಲಿನ ಕುಣಿತವನ್ನು ಅಪ್ಪನ ಮುಂದೆ ಕುಣಿದಳು. ಅರ್ಧ ಮರೆತಿದ್ದಳು. ಕೊನೆಯ ಸಂಜೆ ಅವರು ಗಡ್ಡ ಹೆರೆದುಕೊಂಡು ಅಂಗಿ ಬದಲಿಸಿ ಚಾಪೆಯ ಮೇಲೆ ಕೂತರು. "ಸಾಲ್ದು ಅನ್ನಿಸ್ತಾ ಇದೆ ಕಣೇ" ಅಂದರು. "ನನಗೂ" ಅಂದೆ. ಸುಳ್ಳು ಹೇಳಿ ಕಳಿಸಲು ನನಗೆ ಇಷ್ಟವಿರಲಿಲ್ಲ. ಐದು ಗಂಟೆಗೆ ಕಾರ್ಖಾನೆ ಕೂಗಿತು. ನಾನೂ ಸುಗುಣಳೂ ಮನಸ್ಸು ತೀರುವಷ್ಟು ಅತ್ತೆವು.

ಕೆಲಸಕ್ಕೆ ಹಿಂತಿರುಗಿದ ದಿನ ನನಗೆ ಎಚ್ಚರಿಕೆ ಪತ್ರ ಕೊಟ್ಟರು. ಇನ್ನೊಮ್ಮೆ ಹೀಗಾದರೆ ವಜಾ ಎಂದಿತ್ತು. ಓದಿ, ಓದಿದ್ದೇನೆ ಎಂದು ಬರೆದು ಸಹಿ ಮಾಡಿದೆ. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಡಲು ಹೇಳಿದರು. ಅದನ್ನು ಬರೆಯಲಿಲ್ಲ. ವಜಾ ಮಾಡುತ್ತಾರೇನೋ ಎಂದು ಎರಡು ವಾರ ಕಾದೆ. ಮಾಡಲಿಲ್ಲ. ಖಲಂದರ್ ಸಾಹೇಬರು ಒಂದು ದಿನ ನನ್ನ ಬೆಂಚಿನ ಪಕ್ಕ ಹಾಯುವಾಗ, "ನೀವು ಹೋಗಿದ್ದು ಗೈರುಹಾಜರಿ. ಹಾಗಾಗಿ ನಿಮ್ಮ ಹದಿನೇಳು ದಿನ ಹಾಗೇ ಇದೆಯಮ್ಮ" ಎಂದು ಹ್ಞಾಂ ಹೂಂ ಎನ್ನುವಷ್ಟರಲ್ಲಿ ಹೋಗಿಬಿಟ್ಟರು.

ಮುಂದಿನ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಿಟಕಿಯ ಬಳಿ ಕೂತಿದ್ದ ಕೆಂಚಮ್ಮ ಹಿಡಿ ಒತ್ತುವುದನ್ನು ನಿಲ್ಲಿಸಿ, "ಇಲ್ನೋಡ್ರೇ" ಅಂದಳು. ಕಾರ್ಖಾನೆಯ ಹೊರಗಿನ ರಸ್ತೆಯಲ್ಲಿ ಚೌಡಯ್ಯನವರು ನಡೆದು ಹೋಗುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ. ಸತ್ತಿರಲಿಲ್ಲ, ಹುಷಾರಿಲ್ಲದೆಯೂ ಇರಲಿಲ್ಲ. ಶನಿವಾರ ನನ್ನ ಕೈಯಲ್ಲಿ ಒಂದು ದಿನಕ್ಕೆ ಚೀಟಿ ಬರೆಸಿಕೊಂಡು ಹೋಗಿದ್ದರು. ಇಲ್ಲ ಎಂದು ಬರೆದು ಏನೂ ಪ್ರಯೋಜನವಿಲ್ಲವೆಂದು ಮ್ಯಾನೇಜರು ಆಗಲಿ ಎಂದು ಬರೆದಿದ್ದರಂತೆ. ಬದುಕಿರುವ ಮನುಷ್ಯನೊಬ್ಬ ಕೆಲಸದ ದಿನ, ಆ ಹೊತ್ತಿನಲ್ಲಿ, ಆ ರಸ್ತೆಯಲ್ಲಿ ಅಷ್ಟು ನಿಧಾನವಾಗಿ ನಡೆಯುವುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಬೆಂಚಿನಿಂದ ಎದ್ದು ಕಿಟಕಿಗೆ ಬಂದೆವು.

"ಎಲ್ಲಿಗೆ ಹೊರಟಿದಾನೆ ಅವ್ನು?" ಎಂದು ಸೂಪರ್‌ವೈಸರ್ ಹಿಂದಿನಿಂದ ಕೇಳಿದ.

"ಎಲ್ಲಿಗೂ ಇಲ್ಲ" ಅಂದೆ.

ಅವನು ಕೂರಿ, ಕೂರಿ ಅಂದ. ನಾವು ಇಪ್ಪತ್ತಮೂರು ಹೆಂಗಸರು, ಮಣ್ಣು ಮೆತ್ತಿದ ಕೈ ಹಾಗೇ ಹಿಡಿದುಕೊಂಡು, ಚೌಡಯ್ಯನವರು ಕಡಲೆಕಾಯಿ ಸುಲಿಯುತ್ತಾ ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇದ್ದೆವು.